ಹಿತ್ತಲಿನ ಗುರುದ್ವಾರ

ತುಮಕೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಕೊಬ್ಬರಿ ತುಂಬುವ ಉದ್ದನೆಯ ಕೋಣೆಯಿತ್ತು. ಅಪ್ಪ ತೀರಿಕೊಂಡು ವ್ಯಾಪಾರ ನಿಂತ ಮೇಲೆ ಅದು ಖಾಲಿ ಬಿದ್ದಿತ್ತು. ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ನಾನು ಕುಣಿಗಲ್ಲಿನ ಶಾಲೆಯೊಂದರಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಭಾನುವಾರ, ಹೆದ್ದಾರಿಯಲ್ಲಿ ಲಾರಿ ಗ್ಯಾರೇಜು ಇಟ್ಟಿದ್ದ ಸರ್ದಾರ್ಜಿಯ ಹೆಂಡತಿ ಆ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದರು.

"ಟೈರು ಇಡಾಕಾ?" ಅಂದಳು ಅಮ್ಮ.

"ಇಲ್ಲ ಅಮ್ಮಾ, ಗುರುದ್ವಾರ ಮಾಡಕ್ಕೆ," ಎಂದರು ಆಕೆ. ಗ್ಯಾರೇಜಿನಲ್ಲಿ ಕಲಿತ ಕನ್ನಡ. "ಮೂರ್ತಿ ಇರಲ್ಲ. ನಮಗೆ ಗ್ರಂಥವೇ ಗುರು. ಓದ್ತೀವಿ, ಹಾಡ್ತೀವಿ. ಆಮೇಲೆ ಯಾರು ಬಂದ್ರೂ ಊಟ. ಎಲ್ರೂ ನೆಲದ ಮೇಲೇ ಕೂರ್ಬೇಕು."

ಅಮ್ಮ ಮಠದ ದಾಸೋಹದಲ್ಲಿ ಬಡಿಸುತ್ತಲೇ ಬೆಳೆದವಳು. "ಇದು ನಮ್ಮ ದಾಸೋಹನೇ ಕಣೇ," ಎಂದು ನನ್ನ ಕಡೆ ತಿರುಗಿ, ಅಲ್ಲೇ ಒಪ್ಪಿಬಿಟ್ಟಳು.

ಸುದ್ದಿ ತಿಳಿದು ಗುಬ್ಬಿ ತಾಲ್ಲೂಕಿನ ಕಡಬದಿಂದ ಸೋದರಮಾವ ಸಿಟ್ಟಾಗಿ ಬಂದ. "ಎಲ್ಲಿಯ ಪಂಜಾಬು, ಎಲ್ಲಿಯ ತುಮಕೂರು! ನಾಳೆ ಖಾಲಿ ಮಾಡ್ಸಕ್ಕಾಯ್ತದಾ?"

"ಮಾತು ಕೊಟ್ಟಾಗೈತೆ, ಬುಡು," ಅಂದಳು ಅಮ್ಮ.

ಸುಣ್ಣ ಹೊಡೆದು, ಗೋಣಿಯ ವಾಸನೆ ಹೋಗುವವರೆಗೆ ನಾವೆಲ್ಲ ನೆಲ ಉಜ್ಜಿದೆವು. ಬಾಗಿಲ ಮುಂದೆ ಸಿಖ್ಖರ ಕೇಸರಿ ಬಾವುಟ ಏರಿತು. ಬಟ್ಟೆ ಹೊದಿಸಿದ ಗ್ರಂಥವನ್ನು ಸರ್ದಾರ್ಜಿ ಬರಿಗಾಲಲ್ಲಿ ತಲೆಯ ಮೇಲಿಟ್ಟುಕೊಂಡು ತಂದರು. ದೇಶ ಒಡೆದಾಗ ಅವರ ತಾಯಿ ಮನೆ, ಹೊಲ ಎಲ್ಲ ಬಿಟ್ಟು, ಇದೇ ಗ್ರಂಥವನ್ನು ಹೀಗೇ ಹೊತ್ತು ಗಡಿ ದಾಟಿದ್ದರಂತೆ. ತಮ್ಮ ಮೊದಲ ಗುರುಗಳು ಬೀದರಿಗೆ ಬಂದದ್ದನ್ನೂ, ಅಲ್ಲಿ ಸಿಹಿನೀರಿನ ಬುಗ್ಗೆ ಚಿಮ್ಮಿದ್ದನ್ನೂ ಸರ್ದಾರ್ಜಿಯ ಹೆಂಡತಿ ಹೇಳಿದರು. ಅಮ್ಮ ತಲೆದೂಗಿ, "ಅಂಗಾದ್ರೆ ನೀವು ಹೊರಗ್ನೋರಲ್ಲ ಬುಡಿ," ಎಂದಳು.

ಅಂದಿನಿಂದ ಭಾನುವಾರಗಳಂದು ಲಾರಿ ಡ್ರೈವರುಗಳು ಹಿತ್ತಲಿಗೆ ಬರತೊಡಗಿದರು. ರೊಟ್ಟಿ, ದಾಲಿನ ಜೊತೆ ಅಮ್ಮನ ಮುದ್ದೆಯೂ ಸೇರಿತು. "ಅಗೀಬ್ಯಾಡ್ರಪ್ಪಾ, ನುಂಗ್ರಿ," ಎಂದು ಅವಳು ಅವರಿಗೆಲ್ಲ ಕಲಿಸುತ್ತಿದ್ದಳು.

ಎಂಬತ್ತನಾಲ್ಕರಲ್ಲಿ ಪ್ರಧಾನಿಯ ಹತ್ಯೆಯಾಯಿತು. ಕೊಂದವರು ಸಿಖ್ ಅಂಗರಕ್ಷಕರೆಂದು ದೆಹಲಿಯಲ್ಲಿ ಸಿಖ್ಖರ ಮೇಲೆ ದಾಳಿ ನಡೆಯುತ್ತಿರುವ ಸುದ್ದಿ ಬರತೊಡಗಿತು. ಸರ್ದಾರ್ಜಿ ಬಂದು, "ಅಮ್ಮಾ, ಗ್ರಂಥ ಬೆಂಗಳೂರಿಗೆ ತಗೊಂಡೋಗ್ತೀವಿ. ನಮ್ಮಿಂದ ನಿಮ್ಮ ಮನೆಗೆ ತೊಂದರೆ ಬೇಡ," ಎಂದರು. ಅವರ ಹೆಂಡತಿ ತಲೆ ತಗ್ಗಿಸಿ ನಿಂತಿದ್ದರು.

"ಒಂದ್ಸಲ ಓಡ್ಬಂದಿದ್ದು ಸಾಕು," ಅಂದಳು ಅಮ್ಮ. "ಗುರು ಇಲ್ಲೇ ಇರ್ತಾರೆ. ನೀವೂ ಇಲ್ಲೇ ಇರಿ. ಭಾನುವಾರ ಊಟ ನಿಲ್ಬಾರ್ದು."

ಆ ಭಾನುವಾರ ಬೆಳಗ್ಗೆಯೇ ಮಾವ ಬಂದಿಳಿದ. "ನಾನಾವತ್ತೇ ಬ್ಯಾಡ ಅಂದಿದ್ದೆ," ಎಂದು ಅಮ್ಮನನ್ನು ಬೈಯುತ್ತಲೇ ಕುರ್ಚಿ ಎಳೆದು ಗೇಟಿಗೆ ಅಡ್ಡ ಹಾಕಿ ಕೂತ. ಹತ್ತು ಗಂಟೆಗೆ ಏಳೆಂಟು ಹುಡುಗರು ಬಂದು, ಹಿತ್ತಲಿನ ಕೇಸರಿ ಬಾವುಟ ಇಳಿಸಿ ಎಂದರು. ನಾನು ಹೋಗಿ ಅಮ್ಮನ ಪಕ್ಕ ನಿಂತೆ.

"ಯಾಕ್ರಲಾ ಇಳಿಸ್ಬೇಕು?" ಮಾವ ಕೂತಲ್ಲಿಂದ ಏಳಲಿಲ್ಲ. "ಜಾಗ ನಮ್ಮಕ್ಕಂದು. ಹಸಿವಾಗಿದ್ರೆ ಒಳಗ್ ಬನ್ನಿ. ಇಲ್ದಿದ್ರೆ ನಡೀರಿ."

ಹುಡುಗರಲ್ಲಿ ಒಬ್ಬ ಏನೋ ಗೊಣಗಿದ. ಆಮೇಲೆ ಎಲ್ಲರೂ ಹೊರಟರು. ಒಳಗೆ ಸರ್ದಾರ್ಜಿಯ ಹೆಂಡತಿ ಗ್ರಂಥ ಓದುತ್ತಲೇ ಇದ್ದರು. ಅಂದು ಡ್ರೈವರುಗಳು ಯಾರೂ ಬರಲಿಲ್ಲ. ಮಾಡಿದ ಅಡುಗೆಯನ್ನು ನಾವೇ ಕೂತು ಉಂಡು, ಬೀದಿಯ ಮನೆಗಳಿಗೂ ಹಂಚಿದೆವು. ಯಾರೂ ಬೇಡವೆನ್ನಲಿಲ್ಲ.

ಕೆಲವು ವರ್ಷಗಳಲ್ಲಿ ಅವರು ಹೆದ್ದಾರಿಯ ಪಕ್ಕ ಜಾಗ ಕೊಂಡು ಸ್ವಂತ ಗುರುದ್ವಾರ ಕಟ್ಟಿದರು. ಗ್ರಂಥ ಅಲ್ಲಿಗೆ ಹೊರಟ ದಿನ ಅಮ್ಮ ಮಂಡಿನೋವಿದ್ದರೂ ಗಾಡಿ ಹತ್ತದೆ ಅಷ್ಟು ದೂರವೂ ನಡೆದಳು. ಹೊಸ ಹಜಾರದಲ್ಲಿ ಮೊದಲ ಪಂಕ್ತಿ ಕೂತಾಗ ಸರ್ದಾರ್ಜಿಯ ಹೆಂಡತಿ ಅಮ್ಮನ ಕೈಗೆ ದಾಲಿನ ಬಕೆಟ್ಟು ಕೊಟ್ಟು, "ನೀವೇ ಶುರು ಮಾಡಿ," ಎಂದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಡಿಸಲು ಬಗ್ಗಿದಳು.