ಹರಪನಹಳ್ಳಿಯಲ್ಲೊಂದು ಲಂಕೆಯ ಚರ್ಚೆ

ಎಂಬತ್ತೆಂಟರ ಚಳಿಗಾಲ. ಕೂಡ್ಲಿಗಿಯಿಂದ ಬೆಳಗಿನ ಬಸ್ಸು ಹಿಡಿದು ಹೊರಟೆವು. ಅಲ್ಲಿನ ಒಳಜಗಳ ಬಿಡಿಸಲೆಂದು ನಮ್ಮ ಸೈನ್ಯ ಶ್ರೀಲಂಕೆಗೆ ಹೋಗಿ ಆಗಲೇ ವರ್ಷ ದಾಟಿತ್ತು. ಅದನ್ನು ಕಳಿಸಿದ್ದು ಸರಿಯೇ ಎಂದು ಹರಪನಹಳ್ಳಿಯಲ್ಲಿ ಚರ್ಚಾಕೂಟ ಇಟ್ಟುಕೊಂಡಿದ್ದರು. ಮಾತಾಡಬೇಕಾದವರು ನಮ್ಮ ಹೈಸ್ಕೂಲಿನ ಟೀಚರು ಶಾಂತಮ್ಮ. ಅದೇ ಶಾಲೆಯ ಮೇಷ್ಟ್ರಾದ ನಾನು ಬರೀ ಜೊತೆಗಾರ. ಅವರ ತಮ್ಮ ಜಾಫ್ನಾದಲ್ಲಿ ಸೈನಿಕನಾಗಿದ್ದ. ದೀಪಾವಳಿಯಿಂದ ಅವನ ಸುದ್ದಿಯೇ ಇರಲಿಲ್ಲ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ನಾನು ಮಂಡಕ್ಕಿ, ಬಿಸಿ ಮಿರ್ಚಿ ತಿಂದೆ. ಶಾಂತಮ್ಮ ಚಹಾ ಮಾತ್ರ ಕುಡಿದರು.

"ಬ್ಯಾಡ ಅನಿಸಿದ್ರ ವಾಪಸ್ ಹೋಗೋಣೇನ್ರಿ?" ಎಂದೆ.

"ಮನ್ಯಾಗ ಕುಂತು ರೇಡಿಯೋ ಕೇಳಾಕ ಆಗವಲ್ದು ಸರ್, ನಡೀರಿ" ಎಂದರು.

ಮುಂದಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಎರಡೂ ಕಡೆ ಜೋಳದ ಹೊಲಗಳು, ನಡುವೆ ಕೆಟ್ಟ ರಸ್ತೆ. ಇಳಿಯುವಾಗ ಮೈಯೆಲ್ಲ ಧೂಳು.

ಸಭೆ ತುಂಬಿತ್ತು. ಮೊದಲು ಕಾಳಿನ ವ್ಯಾಪಾರಿ ವೀರಭದ್ರಪ್ಪ ಎದ್ದರು, ಪೇಟ ಸುತ್ತಿದ ಹಿರಿಯರು. "ಪಕ್ಕದ ಮನ್ಯಾಗ ಹೊಡೆದಾಟ ನಡೆದಾಗ ಬಾಗಲಾ ಹಾಕ್ಕೊಂಡು ಕುಂದ್ರಾಕ ಆಗತೈತೇನು? ದೊಡ್ಡ ದೇಶ ಅನಿಸಿಕೊಂಡ ಮ್ಯಾಲೆ ಹೋಗಬೇಕಾತು" ಎಂದರು. ಜೋರು ಚಪ್ಪಾಳೆ ಬಿತ್ತು.

ಶಾಂತಮ್ಮನನ್ನು ಪರಿಚಯಿಸುವಾಗ ಸಂಘಟಕರು ತಮ್ಮನ ವಿಷಯ ಹೇಳಿಬಿಟ್ಟರು. ಶಾಂತಮ್ಮ ಅದಕ್ಕೆ ಕಿವಿಗೊಡದೆ ಶುರು ಮಾಡಿದರು. "ಹೋಗಬಾರದು ಅಂತಲ್ರಿ, ಬಂದೂಕು ಹಿಡಕೊಂಡು ಹೋಗಬಾರದಿತ್ತು. ಬಿಡಿಸಾಕ ಹೋದವರು ಹೊಡೆಯಾಕ ನಿಂತ್ರ ಎರಡೂ ಕಡಿಯವರು ನಮ್ಮನ್ನ ನಂಬಂಗಿಲ್ಲ."

"ತಮ್ಮ ಅಲ್ಲಿ ಅದಾನಂತ ಹಿಂಗ ಹೇಳ್ತೀರಿ!" ಹಿಂದಿನಿಂದ ಯಾರೋ ಕೂಗಿದರು.

"ಹೌದ್ರಿ, ಅದಾನ" ಎಂದರು ಶಾಂತಮ್ಮ. "ಅವನೊಬ್ಬ ಬಂದ್ರ ಸಾಲದು. ಅವನ ಎದುರಿಗೆ ನಿಂತ ಹುಡುಗೂರೂ ಅವರವರ ಮನಿ ಸೇರಬೇಕು. ಅಂಥಾ ದಾರಿ ಹುಡುಕ್ರಿ ಅಂತ ದಿಲ್ಲಿಗೆ ಹೇಳಾಕತ್ತೀನಿ."

"ಅಲ್ಲೀತನಕ ಸಾಯೋರ ಗತಿ?" ವೀರಭದ್ರಪ್ಪ ಮೆಲ್ಲಗೆ ಕೇಳಿದರು.

"ಅದಕ್ಕ ನನ್ನ ಹತ್ರ ಉತ್ತರ ಇಲ್ರಿ."

ಅಷ್ಟು ಜನರ ಮುಂದೆ ಹಾಗೆ ಒಪ್ಪಿಕೊಳ್ಳಲು ನನಗಂತೂ ಧೈರ್ಯ ಬರುತ್ತಿರಲಿಲ್ಲ. ಕೈ ಎತ್ತಿಸಿದಾಗ ಹೆಚ್ಚಿನವರು ವೀರಭದ್ರಪ್ಪನವರ ಕಡೆಗೇ ಇದ್ದರು.

ರೊಟ್ಟಿ, ಬದನೆಕಾಯಿ ಎಣಗಾಯಿ ಊಟ ಮುಗಿಸಿ ಹೊರಟಾಗ ಅದೇ ವೀರಭದ್ರಪ್ಪ ಬಸ್ ಸ್ಟ್ಯಾಂಡಿಗೆ ಬಂದು, ಕಿಟಕಿಯಿಂದ ಟವೆಲ್ ಹಾಕಿ ನಮಗೆ ಸೀಟು ಹಿಡಿದರು. "ಯವ್ವಾ, ತಮ್ಮನ ಹೆಸರೇನು?"

"ನಾಗರಾಜ." ಇಡೀ ದಿನದಲ್ಲಿ ಮೊದಲ ಸಲ ಶಾಂತಮ್ಮ ಆ ಹೆಸರು ಹೇಳಿದರು.

"ನಾಗರಾಜ ಬಂದ ಮ್ಯಾಲೆ ನಮ್ಮ ಮನಿಗೆ ಊಟಕ್ಕ ಕರಕೊಂಡು ಬರ್ರಿ. ನಾವಿಬ್ರೂ ಮತ್ತ ವಾದ ಮಾಡೋಣು."

ಬಸ್ಸು ತಿರುಗುವವರೆಗೂ ಅವರು ಅಲ್ಲೇ ನಿಂತಿದ್ದರು. ಕೊಟ್ಟೂರು ಬರುವ ತನಕ ಶಾಂತಮ್ಮ ತಮ್ಮನ ಮಾತನ್ನೇ ಆಡಿದರು. ಕೆರೆಗೆ ಕಾಲಿಡಲೂ ಹೆದರುತ್ತಿದ್ದ ಹುಡುಗ ಸಮುದ್ರ ದಾಟಿ ಹೋದನಲ್ಲ ಎಂದು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡರು.