ವಾರಕ್ಕೆ ಕಾಲಿಂಚು

ಭಾವ ಸಿಗರೇಟು ಬಿಟ್ಟದ್ದು ಒಂದೇ ಏಟಿಗೆ. ಪ್ಯಾಕೆಟ್ಟನ್ನು ಅಕ್ಕನ ಕಣ್ಣೆದುರೇ ಹಿಸುಕಿ ಕಸದ ಬುಟ್ಟಿಗೆಸೆದ. ಅಂದಿನಿಂದ ಹೊಲಿಗೆ ಅಂಗಡಿಯ ಗಲ್ಲಾದಲ್ಲಿ ಕೂತು ಬಂದ ಗಿರಾಕಿಗಳಿಗೆಲ್ಲ ಅದೇ ಪುರಾಣ. ಕೇಳಿ ಕೇಳಿ ಕಟಿಂಗ್ ಮಾಸ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಂಡತಿಯ ತಮ್ಮನೆಂದು ಭಾವ ಅವನನ್ನು ಕೆಲಸಕ್ಕಿಟ್ಟುಕೊಂಡು ಹದಿನೆಂಟು ವರ್ಷ. ಅವನೂ ಸಿಗರೇಟು ಬಿಡಲು ಹೊರಟಿದ್ದ, ಆದರೆ ಕಸುಬಿನ ರೀತಿಯಲ್ಲಿ: ಟೇಪು ಹಿಡಿದು ಅಳೆದು, ಸೀಮೆಸುಣ್ಣದಲ್ಲಿ ಗೀರೆಳೆದು, ಕತ್ತರಿಸಿ ಸೇದುವುದು. ವಾರಕ್ಕೆ ಕಾಲಿಂಚು ಕಡಿಮೆ.

ಅಂಗಡಿ ತುಂಬ ಜನರಿದ್ದಾಗ ಭಾವ ಅಂಥದೊಂದು ತುಂಡನ್ನು ಎತ್ತಿ ಹಿಡಿದ. "ನೋಡಿ, ನಮ್ಮ ಭಾವಮೈದ ಸಿಗರೇಟಿಗೂ ಆಲ್ಟ್ರೇಶನ್ ಮಾಡ್ತಾನೆ. ಗಂಡಸಾದವನು ಬಿಟ್ರೆ ಒಂದೇ ಸಲ ಬಿಡ್ಬೇಕು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಕ್ಕನೂ ನಕ್ಕಳು. ಅದೇ ಅವನಿಗೆ ನಾಟಿದ್ದು. ಒಡಹುಟ್ಟಿದವಳ ಕಣ್ಣಲ್ಲೇ ಕೈಲಾಗದವನಾಗಿ ಹೋದೆನಲ್ಲ ಎಂದು ಹಲ್ಲು ಕಚ್ಚಿದ. ಈ ಮನುಷ್ಯನ ಸೊಕ್ಕು ಅವಳೆದುರೇ ಇಳಿಸದಿದ್ದರೆ ತಾನು ಕತ್ತರಿ ಹಿಡಿದದ್ದೇ ದಂಡ ಎಂದುಕೊಂಡ.

ಮೂರು ತಿಂಗಳಲ್ಲಿ ಕತ್ತರಿಸಲು ಏನೂ ಉಳಿಯಲಿಲ್ಲ. ಬಿಟ್ಟೇಬಿಟ್ಟ. ಯಾರೂ ಗಮನಿಸಲಿಲ್ಲ, ಅಕ್ಕ ಕೂಡ. ಗಲ್ಲಾದ ಪುರಾಣ ಮಾತ್ರ ನಿಂತಿರಲಿಲ್ಲ.

ಒಂದು ಮಧ್ಯಾಹ್ನ ಭಾವ ತನ್ನ ಕೋಟನ್ನು ಮೇಜಿನ ಮೇಲೆಸೆದು, ಸೊಂಟದ ಹತ್ತಿರ ಸ್ವಲ್ಪ ಲೂಸ್ ಮಾಡು ಎಂದ. ತೊಟ್ಟ ಬಟ್ಟೆ ರಿಪೇರಿಗೆ ಬಂದರೆ ಮೊದಲು ಜೇಬು ಮಗುಚಿ ಬ್ರಶ್ಶಿನಿಂದ ಝಾಡಿಸಬೇಕು, ಇದು ದರ್ಜಿಯ ಮೊದಲ ಪಾಠ. ಕಲಿಸಿದವನೇ ಭಾವ. ಗಲ್ಲಾದಲ್ಲಿ ಕೂತು ಕೂತು ಮರೆತಿದ್ದ, ಪುಣ್ಯಾತ್ಮ. ಎಡಜೇಬಿನ ಮೂಲೆಯಿಂದ ಹೊಗೆಸೊಪ್ಪಿನ ಪುಡಿ ಉದುರಿತು. ಹಳೆಯದಲ್ಲ, ಘಾಟು ಇನ್ನೂ ಹಸಿಯಾಗಿತ್ತು.

ಮಾಸ್ಟರಿಗೆ ಸ್ವರ್ಗ ಮೂರೇ ಗೇಣು. ಅಕ್ಕ ಎರಡು ಹೆಜ್ಜೆಯಾಚೆ ಕೂತಿದ್ದಳು. ಕೂಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೂಗಲಿಲ್ಲ. ಸೂಜಿಗೆ ದಾರ ಪೋಣಿಸಿದ.

ಸಂಜೆ ಭಾವ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ. ಅಕ್ಕ ಹಿಂದೆ ನಿಂತು ಕಾಲರ್ ಸರಿಮಾಡಿದಳು. ಅವನ ಕೈ ಅಭ್ಯಾಸಬಲದಿಂದ ಎಡಜೇಬಿಗೆ ಇಳಿಯಹೋಯಿತು. ಜೇಬಿನ ಬಾಯಿಗೆ ಜೋಡಿ ಹೊಲಿಗೆ ಬಿದ್ದಿತ್ತು. ಬೆರಳುಗಳು ತಡಕಾಡಿದವು, ಮುಖ ಬಿಳಿಚಿಕೊಂಡಿತು.

"ಯಾಕ್ರೀ? ಜೇಬಲ್ಲಿ ಏನಿತ್ತು?" ಎಂದಳು ಅಕ್ಕ.

ಭಾವ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡ. ಅಕ್ಕ ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು, ಮತ್ತೆ ಗಂಡನ ಮುಖವನ್ನೇ ನೋಡುತ್ತ ನಿಂತಳು.

ಮಾಸ್ಟರ್ ಟೇಪು ಸುತ್ತುತ್ತ ಮೆತ್ತಗೆ ಹೇಳಿದ: "ಸದ್ಯಕ್ಕೆ ಒಂದು ಜೇಬು ಹೊಲ್ದಿದೀನಿ ಭಾವ. ಇನ್ನೂ ಮೂರಿವೆ. ನಿಧಾನಕ್ಕೆ ಒಂದೊಂದೇ ಹೊಲೀತೀನಿ. ನನಗೇನೂ ಅವಸರ ಇಲ್ಲ."