ಅಜ್ಜಿಯ ರಾಟಿ ಬಾವುಟಕ್ಕೆ ಹೋದದ್ದು

ಬಳ್ಳಾರಿಯ ಕಾನ್ವೆಂಟಿನಿಂದ ದಸರಾ ರಜೆಗೆ ಕಂಪ್ಲಿಗೆ ಬಂದಾಗ ನನಗೆ ಹನ್ನೊಂದು ವರ್ಷ. ಸ್ವರಾಜ್ಯದ ಬಾವುಟ ಹಿಡಿಯುವವರ ಮನೆಯ ಹುಡುಗಿಯರಿಗೆ ಸ್ಕೂಲಿನಲ್ಲಿ ಸೀಟಿಲ್ಲವೆಂದು ಸಿಸ್ಟರ್ ಹೇಳಿ ಕಳಿಸಿದ್ದರು. ಆ ಬಾವುಟದ ನಡುವೆ ನೂಲುವ ರಾಟಿಯ ಚಿತ್ರವಿತ್ತು. ಹುಟ್ಟಿದಾಗಿನಿಂದ ಕಂಡ ಅಜ್ಜಿಯ ರಾಟಿ ಆ ಸಲ ನನಗೆ ಕಳ್ಳಮಾಲಿನಂತೆ ಕಂಡಿತು.

"ಇದನ್ನ ಯಾರು ಕೊಟ್ರು ಅಜ್ಜಿ?" ಎಂದೆ, ಥೇಟ್ ಇನ್‌ಸ್ಪೆಕ್ಟರ್ ಹಾಗೆ.

"ನಮ್ಮವ್ವ. ನಿನ್ನ ಉಡಿದಾರದ ನೂಲು ಇದರಾಗ ತೆಗದಿದ್ದೆ. ಈಗ ನಿಮ್ಮತ್ತಿ ಕೂಸಿಂದು ತೆಗೀಬೇಕು."

ನಾನು ನಂಬಲಿಲ್ಲ; ಸಿಸ್ಟರಿಗೆ ತಿಳಿದರೆ ನನ್ನ ಸೀಟು ಹೋಗುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ರಾಟಿಯನ್ನು ಹಿತ್ತಲಿನ ಜೋಳದ ಸೊಪ್ಪೆಯ ಬಣವೆಯಡಿ ಬಚ್ಚಿಟ್ಟೆ.

ಮರುದಿನ ನಮ್ಮ ಬೀದಿಗೆ ಬಾವುಟದ ಮೆರವಣಿಗೆ ಬಂತು. ಅಜ್ಜಿ ಕಟ್ಟೆಯಿಂದ ಇಳಿದು ಮುಂದಿದ್ದವನನ್ನು ತಡೆದಳು.

"ನಿಲ್ಲಪ್ಪ. ನಿನ್ನೆ ನನ್ನ ರಾಟಿ ಹೋತು, ಇವತ್ತು ನಿಮ್ಮ ಬಟ್ಟಿ ಮ್ಯಾಲೆ ಬಂದೈತಿ. ಎಲ್ಲಿಟ್ಟೀರಿ?"

"ಇದು ದೇಶದ ಗುರುತು, ಯವ್ವಾ."

"ದೇಶಕ್ಕ ಬೇಕಿದ್ರ ಕೇಳಿ ಒಯ್ಬೇಕಿತ್ತು. ನಾಡಿದ್ದು ಕೂಸಿನ್ನ ತೊಟ್ಟಿಲಿಗೆ ಹಾಕ್ತೀವಿ. ಉಡಿದಾರಕ್ಕ ನೂಲು ನಿಮ್ಮಪ್ಪ ತೆಗೀತಾನೇನು?"

ಬೀದಿಯೆಲ್ಲ ನಕ್ಕಿತು. ನಾನು ಹಿತ್ತಲಿಗೆ ಹೋಗಿ, ಸೊಪ್ಪೆಯ ದೂಳು ಮೆತ್ತಿದ್ದ ರಾಟಿಯನ್ನು ತಂದು ಅವಳ ಮುಂದಿಟ್ಟೆ. ಅಜ್ಜಿ ಬೈಯಲಿಲ್ಲ. ನೂಲು ಸುತ್ತುವ ಕದಿರು ನೆಟ್ಟಗಿದೆಯೇ ಎಂದು ನೋಡಿದಳು, ಬಾವುಟವನ್ನು ನೋಡಿದಳು, ಕೊನೆಗೆ ನನ್ನ ಮುಖ ನೋಡಿದಳು.

ಕೂಸಿನ ನೂಲು ಮುಗಿಯಿತು. ಆದರೂ ನಾನು ಸ್ಕೂಲಿಗೆ ಹೊರಡುವವರೆಗೂ ಅಜ್ಜಿ ಮಧ್ಯಾಹ್ನ ರಾಟಿಯ ಮೇಲೆ ಕೈಯಿಟ್ಟುಕೊಂಡೇ ಮಲಗಿದಳು.